ಶ್ರೀಪಾದ ಭಾವ ಹಾಕಿದ ತಪ್ಪುಕಾಣಿಕೆ

ನಮ್ಮ ಶ್ರೀಪಾದ ಭಾವ ಕೂತು ಟಿವಿ ನೋಡಿದವನಲ್ಲ. ಪರದೆಯಿಂದ ಒಂದು ಮೊಳ ದೂರದಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು, ಚೆಕ್‌ಪೋಸ್ಟಿನಲ್ಲಿ ಲಾರಿ ತಡೆಯುವ ಪೊಲೀಸನ ಹಾಗೆ ನಿಲ್ಲುತ್ತಿದ್ದ. ಹಿಂದೆ ಕೂತವರಿಗೆ ಅವನ ಬೆನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅದರಲ್ಲೂ ರಾಜರಾಣಿಯರ ಧಾರಾವಾಹಿ ಶುರುವಾಯಿತೆಂದರೆ ಮುಗಿಯಿತು. ಅರಮನೆಯ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಕಂಡರೆ ಅಲ್ಲೇ ಕೂಗುತ್ತಿದ್ದ.

“ಥೋ ಥೋ, ಪರಂಗಿಯವರ ಹಡಗು ಇನ್ನೂ ಬಂಜಿಲ್ಲೆ, ಇವನ ಮನೆಗೆ ಮೆಣಸಿನಕಾಯಿ ಎಲ್ಲಿಂದ ಬಂತು? ಕಾಳುಮೆಣಸು ಹಾಕ ಮಾರಾಯ, ಎಂಗಳ ಘಟ್ಟದಲ್ಲಿ ಬೇಕಾದಷ್ಟು ಇದ್ದು!”

ನನ್ನ ಅಕ್ಕ, ಅಂದರೆ ಅವನ ಹೆಂಡತಿ ಸರಸ್ವತಿ, ಕೈಲಿದ್ದ ಸೌಟು ತೋರಿಸಿ ಬೈಯುತ್ತಿದ್ದಳು. “ಅದು ಪಾಪ, ಗಂಡನ್ನ ಕಳ್ಕಂಡು ಅಳ್ತಾ ಇದ್ದು, ನಿಂಗಕ್ಕೆ ಮೆಣಸಿನಕಾಯಿ ಚಿಂತೆ! ಸರಿರಿ ಆಚಿಗೆ.”

ಭಾವ ಸರಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಮಹಾರಾಜ ಮೈಮೇಲಿನ ಶಲ್ಯ ಸರಿಸಿ ಖಡ್ಗ ಎತ್ತಿದ ಹೊತ್ತಿಗೆ ಭಾವ ಅವನ ತೋಳಿನ ಮೇಲೆ ಬೆರಳಿಟ್ಟುಬಿಟ್ಟ. “ನೋಡೆ ಕೂಸೆ, ಸಿಡುಬಿನ ಸೂಜಿ ಕಲೆ! ಇವನ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆ ಕಟ್ಟಿಸಿದ್ದು ಯಾರು ಹೇಳಿ ಕೇಳು.” ಐವತ್ತು ದಾಟಿದ ನಾನು ಅವನಿಗೆ ಕಡೆಯವರೆಗೂ ಕೂಸೇ. ನಮ್ಮ ಮಾತಿನಲ್ಲಿ ಭಾವನಿಗೆ ಬಹುವಚನವಿಲ್ಲ, ಹಾಗಾಗಿ ಇಲ್ಲೂ ಹಾಕುತ್ತಿಲ್ಲ. ಹಾಕಿದ್ದರೆ ಅವನೇ ನಗುತ್ತಿದ್ದ.

ಇತಿಹಾಸದ ಈ ಹುಚ್ಚು ಅವನಿಗೆ ಹಿಡಿದದ್ದು ಟೆಲಿಫೋನ್ ಕಂಬಗಳಿಂದ. ಕೆಲಸ ಇದ್ದದ್ದು ಅದೇ ಇಲಾಖೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡು ಹೊಕ್ಕು ಲೈನು ಎಳೆಸುವುದು. ಕಂಬಕ್ಕೆ ಗುಂಡಿ ತೋಡುವಾಗ ಹಳೆಯ ಕಲ್ಲೊಂದು ಸಿಕ್ಕಿತೋ, ಗುದ್ದಲಿ ಕೆಳಗಿಡಬೇಕು. ಭಾವ ಮಂಡಿಯೂರಿ, ಒದ್ದೆ ಬಟ್ಟೆಯಿಂದ ಪಾಚಿ ಒರೆಸಿ, ಯಾವ ಕಾಲದ್ದು, ಯಾವ ವೀರ, ದನ ಕಾಯಲು ಸತ್ತನೋ ಊರು ಕಾಯಲು ಸತ್ತನೋ ಎಂದು ಕೂಲಿಯವರಿಗೆ ಪಾಠ ಮಾಡುತ್ತಿದ್ದ. ಮತ್ತಿಘಟ್ಟದ ಕಡೆ ಒಂದು ವೀರಗಲ್ಲು ತಪ್ಪಿಸಲು ಲೈನನ್ನೇ ಸುತ್ತುಬಳಸಿ ಒಯ್ದ. ಆ ಭಾಗದವರು ಫೋನಿನಲ್ಲಿ ಮಾತಾಡಲು ಒಂದು ಮಳೆಗಾಲ ಹೆಚ್ಚು ಕಾಯಬೇಕಾಯಿತು, ಮೇಲಧಿಕಾರಿಯಿಂದ ಬೈಸಿಕೊಂಡದ್ದೂ ಆಯಿತು. “ಫೋನು ಇವತ್ತಲ್ಲ ನಾಳೆ ಬತ್ತು. ಕಲ್ಲು ಒಡೆದ್ರೆ ಮತ್ತೆ ಬತ್ತಿಲ್ಲೆ” ಅನ್ನುವುದು ಅವನ ಉತ್ತರ.

ಅವನನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋಗುವುದೂ ಒಂದು ಶಿಕ್ಷೆಯೇ. ಅಕ್ಕನ ಹರಕೆಯೆಂದು ಚಂದಗುಳಿಯ ಗಣಪತಿಗೆ ಘಂಟೆ ಕಟ್ಟಲು ಹೋದಾಗ, ಇವ ಕೈಯಲ್ಲಿದ್ದ ಘಂಟೆ ಕಟ್ಟುವುದು ಬಿಟ್ಟು, ತೂಗುವ ನೂರಾರು ಘಂಟೆಗಳಲ್ಲಿ ಹಳೆಯದು ಯಾವುದೆಂದು ಕತ್ತು ಎತ್ತಿ ಅವುಗಳ ಮೇಲಿನ ಹೆಸರು, ಇಸವಿ ಓದುತ್ತ ನಿಂತ. ಮಂಗಳಾರತಿ ಮುಗಿಯಿತು, ಪ್ರಸಾದದ ಊಟ ಮುಗಿಯಿತು, ಇವನ ಓದು ಮುಗಿಯಲಿಲ್ಲ. ಅಕ್ಕ ಕಡೆಗೆ ತಾನೇ ಸ್ಟೂಲು ಹತ್ತಿ ಘಂಟೆ ಕಟ್ಟಿ ಇಳಿದಳು. ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ, ಮಧ್ಯೆ ಕೂತ ನನ್ನ ಗತಿ ಕೇಳಬೇಡಿ.

ನಿವೃತ್ತಿಯಾದ ಮೇಲೆ ಯೂಟ್ಯೂಬ್ ಚಾನೆಲ್ ಶುರು ಮಾಡಿದ. ಕಡ್ಡಿಗೆ ಮೊಬೈಲು ಸಿಕ್ಕಿಸಿಕೊಂಡು ತಾನೇ ಕಲ್ಲಿನ ಮುಂದೆ ನಿಂತು ಮಾತಾಡುವುದು. “ಕಲ್ಲು ಸುಳ್ಳು ಹೇಳ್ತಿಲ್ಲೆ ಕೂಸೆ. ಓದಂವ ಹೇಳ್ತ” ಎಂದು ನನಗೆ ಹೇಳುತ್ತಿದ್ದವ, ವಿಡಿಯೋದಲ್ಲಿ ಮಾತ್ರ ನಾಟಕದ ಭಾಗವತರ ಹಾಗೆ ಸ್ವರ ಏರಿಸಿ ಇಳಿಸಿ ಹೇಳುತ್ತಿದ್ದ. ನೋಡುವವರು ಮೊದಮೊದಲು ನಾವು ನೆಂಟರಷ್ಟೇ. ಆಮೇಲೆ ಅವನಿಗೂ ನೋಡುಗರ ರುಚಿ ಹತ್ತಿತು. ಹತ್ತದೆ ಇರುತ್ತದೆಯೇ? ಮನೆಯಲ್ಲಿ ಅವನ ಮಾತು ಕೇಳಲು ಯಾರಿದ್ದೆವು?

ಅನಾಹುತವಾದದ್ದು ಬೀರಪ್ಪನ ಕಲ್ಲಿನಿಂದ. ಮಂಚಿಕೇರಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಹೆಸರು ಬೇಡ, ಆ ಊರಿನವರಿಗೆ ಆದದ್ದು ಸಾಕು. ಭಾವನ ಅಜ್ಜನಮನೆ ಇದ್ದದ್ದು ಅದೇ ಬದಿಗೆ. ಹಳ್ಳದ ದಂಡೆಯಲ್ಲಿ ಎದೆಮಟ್ಟದ ಒಂದು ವೀರಗಲ್ಲು, ಮೇಲೆ ಕತ್ತಿ ಹಿಡಿದ ವೀರ, ಕೆಳಗೆ ದನಗಳ ಸಾಲು. ಅಕ್ಷರ ಒಂದೂ ಇಲ್ಲ. ಊರಿನವರಿಗೆ ಅದು ಬೀರಪ್ಪ. ದೀಪಾವಳಿಯ ಪಾಡ್ಯದ ಬೆಳಿಗ್ಗೆ ಬೀರಪ್ಪನ ಮುಂದೆ ಮೊದಲ ಕಾಯಿ ಒಡೆಯದೆ ಊರಿನ ಯಾವ ಕೊಟ್ಟಿಗೆಯಿಂದಲೂ ದನ ಬಿಡುವ ಹಾಗಿಲ್ಲ. ಆ ಮೊದಲ ಕಾಯಿ ಹಳ್ಳದ ಮೇಲಿನ ಮನೆಯ ತಿಮ್ಮ ಗೌಡರದು. ಅವರ ಅಪ್ಪ, ಅಜ್ಜ, ಮುತ್ತಜ್ಜ ಒಡೆದ ಕಾಯಿ.

ಭಾವ ಆ ಕಲ್ಲಿನ ಮುಂದೆ ನಿಂತು ಹೇಳಿದ ಕತೆ ಚಿಕ್ಕದು. ಶತ್ರುಗಳು ದನ ಹೊಡೆದುಕೊಂಡು ಹೋಗಲು ಬಂದರು. ಬೀರ ಒಬ್ಬನೇ ಕಣಿವೆಯ ಬಾಯಿ ಕಾಯುತ್ತಿದ್ದ. ಆದರೆ ಊರಿನವನೇ ಒಬ್ಬ ತನ್ನ ಮನೆಯ ಕಿಟಕಿಯಲ್ಲಿ ದೀಪ ಇಟ್ಟು, ಅದಕ್ಕೆ ಮೊರ ಅಡ್ಡ ಹಿಡಿದು ತೆಗೆದು, ಹಿಡಿದು ತೆಗೆದು, ಹಳ್ಳ ದಾಟುವ ಗುಪ್ತ ದಾರಿಯನ್ನು ಶತ್ರುಗಳಿಗೆ ತೋರಿಸಿಕೊಟ್ಟ. ಬೀರನ ಬೆನ್ನಿಗೆ ಈಟಿ ಬಿತ್ತು. “ಈ ಕತೆ ನನಗೆ ಹೇಳಿದ್ದು ನಮ್ಮ ಅಜ್ಜ” ಎಂದ ಭಾವ. ಅಲ್ಲಿಗೆ ನಿಲ್ಲಿಸಬಾರದೇ? “ವೀಕ್ಷಕರೇ, ಅಗೋ, ಹಳ್ಳದ ಮೇಲೆ ಈಗಲೂ ಒಂದು ಮನೆ ಕಾಣುತ್ತದಲ್ಲ, ದೀಪ ಉರಿದದ್ದು ಅದೇ ಜಾಗದಲ್ಲಿ!” ಎಂದು ಬೊಟ್ಟು ಮಾಡಿದ. ಮೊಬೈಲು ಆ ಬೊಟ್ಟಿನ ಹಿಂದೆಯೇ ಹೋಯಿತು. ತಿಮ್ಮ ಗೌಡರ ಮನೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ ಸಮೇತ ಕಂಡಿತು.

ವಿಡಿಯೋ ಹಬ್ಬಿತು ನೋಡಿ, ಕಾಡುಕಿಚ್ಚಿನ ಹಾಗೆ. ಯಲ್ಲಾಪುರದಿಂದ, ಹುಬ್ಬಳ್ಳಿಯಿಂದ ಹುಡುಗರು ಬೈಕಿನಲ್ಲಿ ಬಂದು ಕಲ್ಲಿನ ಜೊತೆ ಒಂದು, ಆ ಮನೆಯ ಎದುರು ನಿಂತು ಒಂದು ಫೋಟೊ ತೆಗೆಸಿಕೊಂಡರು. ಭಾವ ಹದಿನಾರರ ಹುಡುಗನಾದ. ಶಿರಸಿಯ ಪೇಟೆಯಲ್ಲಿ ಯಾರಾದರೂ “ಹೆಗಡೇರೆ, ನೋಡಿದ್ವಿ” ಅಂದರೆ ನಿಂತಲ್ಲೇ ಮತ್ತೊಂದು ಕತೆ ಹೇಳುತ್ತಿದ್ದ.

ದೀಪಾವಳಿ ಹತ್ತಿರ ಬಂದಾಗ, ಒಂದು ಮಧ್ಯಾಹ್ನ, ತಿಮ್ಮ ಗೌಡರ ಸೊಸೆ ನಾಗವೇಣಿ ಮಂಚಿಕೇರಿಯಿಂದ ಬಸ್ಸು ಹಿಡಿದು ಅಕ್ಕನ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಕೊಟ್ಟ ನೀರು ಕುಡಿಯಲಿಲ್ಲ. ಕೂಗಾಡಲೂ ಇಲ್ಲ. ಕೂಗಾಡಿದ್ದರೆ ನಮಗೆ ಸುಲಭವಿತ್ತು.

“ಹೆಗಡೇರೆ, ನಮ್ಮನಿ ಹಿರಿಯರು ದೀಪ ತೋರ್ಸಿದ್ರು ಅಂತ ನಿಮಗೆ ಯಾರು ಹೇಳಿದ್ರು?”

“ನಮ್ಮ ಅಜ್ಜ ಹೇಳಿದ್ದು” ಎಂದ ಭಾವ.

“ನಿಮ್ಮ ಅಜ್ಜಂಗೆ ಯಾರು ಹೇಳಿದ್ರು?”

ಭಾವ ತಡವರಿಸಿದ. “ಹಿಂದಿನವರ ಬಾಯಿಮಾತು ಅದು ತಂಗಿ. ಇತಿಹಾಸ ಅಂದ್ರೆ ಕೆಲವು ಸಲ ಕಹಿ ಇರ್ತದೆ.”

“ಕಹಿ ನಮಗೆ ಬಂತಲ್ರ” ಎಂದಳು ನಾಗವೇಣಿ. “ಶಾಲೇಲಿ ನನ್ನ ಮಗಳಿಗೆ ದೀಪದ ಮನೆಯವ್ಳು ಅಂತಾರೆ, ಅವ್ಳು ಶಾಲೆಗೇ ಹೋಗೂದಿಲ್ಲ ಅಂತ ಕೂತಿದಾಳೆ. ಈ ವರ್ಷ ಮೊದಲ ಕಾಯಿ ನಮ್ಮದಲ್ಲ ಅಂತ ಹಬ್ಬದ ಕಮಿಟಿಯವ್ರು ಹೇಳಿ ಆಯ್ತು. ಬೀರಪ್ಪನ್ನ ಕೊಂದವರ ಕಾಯಿ ಬೀರಪ್ಪಂಗೆ ಬ್ಯಾಡವಂತೆ. ಮಾವ ಹೊರಗೆ ಬರೂದೇ ಬಿಟ್ಟಿದಾರೆ. ಒಂದು ವರ್ಷ ಕೈ ತಪ್ಪಿದ್ರೆ ಆ ಕಾಯಿ ಮತ್ತೆ ನಮ್ಮನಿಗೆ ಬರೂದಿಲ್ಲ. ಕಾಯಿ ಒಂದೇ ಆಗಿದ್ರೆ ಹೋಗ್ಲಿ ಅಂತಿದ್ದೆ. ಹೆಸರು ಬಂತಲ್ಲ, ಅದನ್ನ ಎಲ್ಲಿ ಇಡೂದು?”

ಅವಳು ಹೋದ ಮೇಲೆ ಅಕ್ಕ ಬಾಗಿಲು ಹಾಕಿ ಬಂದು ಗಂಡನ ಎದುರು ನಿಂತಳು. “ತೆಗೀರಿ ಆ ವಿಡಿಯೋ.” ಭಾವ ಒಪ್ಪಲಿಲ್ಲ. ಅಜ್ಜ ಹೇಳಿದ್ದನ್ನು ಸುಳ್ಳು ಅನ್ನುವುದು ಹೇಗೆ, ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ತಾನು ಇಷ್ಟು ವರ್ಷ ಟಿವಿಯವರಿಗೆ ಬೈದದ್ದು ಎಂತಕ್ಕೆ ಎಂದು ವಾದಕ್ಕೆ ನಿಂತ. ನನಗೂ ಸಿಟ್ಟು ಬಂತು. “ನಿನ್ನ ಸತ್ಯ ನಿನ್ನ ಹತ್ರ ಇಟ್ಕ ಭಾವ. ಆ ಮಗು ಎಂತ ಮಾಡಿದ್ದು?” ಅಂದೆ. ಅವ ಅಂಗಳಕ್ಕೆ ಇಳಿದ. ಆ ವಾರ ಆ ಮನೆಯಲ್ಲಿ ಯಾರ ಊಟವೂ ಊಟವಾಗಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ಬೀನ್ಸ್ ಹೆಚ್ಚುತ್ತ ಟಿವಿ ಹಾಕಿದಳು. ಯಾವುದೋ ಹಳೆಯ ಕಪ್ಪುಬಿಳುಪು ಸಿನಿಮಾ ಅರ್ಧದಿಂದ ಓಡುತ್ತಿತ್ತು, ಹೆಸರೂ ನಮಗೆ ಸಿಗಲಿಲ್ಲ. ಭಾವ ಯಥಾಪ್ರಕಾರ ಪರದೆಯ ಮುಂದೆ ಹೋಗಿ ನಿಂತ, ನಾವು ಅವನ ಪಕ್ಕದಿಂದ ಇಣುಕಿ ನೋಡುತ್ತಿದ್ದೆವು. ಕುದುರೆಯ ದಂಡು ಒಂದು ಹೊಳೆಯ ದಂಡೆಗೆ ಬಂದು ದಾರಿ ಕಾಣದೆ ನಿಂತಿತು. ದಿಬ್ಬದ ಮೇಲೆ ಒಂಟಿ ಮನೆ. ಕಿಟಕಿಯಲ್ಲಿ ದೀಪ. ಒಂದು ಕೈ ಆ ದೀಪಕ್ಕೆ ಮೊರ ಅಡ್ಡ ಹಿಡಿಯಿತು, ತೆಗೆಯಿತು, ಹಿಡಿಯಿತು, ತೆಗೆಯಿತು. ದಂಡು ಹೊಳೆ ದಾಟಿತು.

ಅಕ್ಕನ ಕತ್ತಿ ನಿಂತಿತು. ನಾನು ಭಾವನ ಬೆನ್ನನ್ನೇ ನೋಡುತ್ತಿದ್ದೆ. ಅವ ಹಿಂದೆ ಕೈಚಾಚಿ, ಕುರ್ಚಿಯ ಕೈ ತಡಕಿ, ಕೂತ. ಆ ಟಿವಿಯ ಮುಂದೆ ಅವ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

“ಮಂಚಿಕೇರಿಗೆ ಡೇರೆ ಸಿನಿಮಾ ಬಂದಿತ್ತು” ಎಂದ. “ಅಜ್ಜ ಎನ್ನ ಹೆಗಲ ಮೇಲೆ ಕೂರಿಸ್ಕಂಡು ಕರ್ಕಂಡು ಹೋಗಿದ್ದ. ಎಂಗೆ ಅರ್ಥ ಆಯ್ದಿಲ್ಲೆ ಹೇಳಿ ಬಪ್ಪಾಗ ದಾರಿ ಮೇಲೆ ಕತೆ ಬಿಡಿಸಿ ಹೇಳ್ತಾ ಬಂದ. ಬೀರಪ್ಪನ ಕಲ್ಲಿನ ಹತ್ರ ಎಲೆಅಡಿಕೆ ಕವಳ ಹಾಕಲೆ ಕೂತಿದ್ದ. ಅಲ್ಲಿ ಕೂತೇ ಹೇಳಿದ್ದು, ದೀಪ, ಮೊರ, ಎಲ್ಲ. ಎದುರಿಗೆ ದಿಬ್ಬದ ಮೇಲೆ ಆ ಮನೆ ದೀಪ ಕಾಣ್ತಾ ಇತ್ತು.” ಆಮೇಲೆ ಮುಖ ಮುಚ್ಚಿಕೊಂಡು, “ಅಜ್ಜ ಸುಳ್ಳು ಹೇಳಿದ್ನಿಲ್ಲೆ ಕೂಸೆ. ಅಂವ ಸಿನಿಮಾ ಕತೆ ಹೇಳಿದ್ದು” ಎಂದ.

ಕಂಡವರ ಸಿನಿಮಾ, ಧಾರಾವಾಹಿಗಳ ತಪ್ಪನ್ನೆಲ್ಲ ಹಿಡಿದವನ ತಲೆಯೊಳಗೇ ಅರವತ್ತು ವರ್ಷದಿಂದ ಒಂದು ಸಿನಿಮಾ ಇತಿಹಾಸವಾಗಿ ಕೂತಿತ್ತು. ಬೇರೆ ದಿನವಾಗಿದ್ದರೆ ನಾನು ಚುಡಾಯಿಸಿ ಚುಡಾಯಿಸಿ ಸಾಯಿಸುತ್ತಿದ್ದೆ. ಅಂದು ನನಗೆ ಅಳು ಬಂತು.

ವಿಡಿಯೋ ಅಳಿಸಿದ. ಏನು ಪ್ರಯೋಜನ? ಅಷ್ಟರಲ್ಲಿ ಅದಕ್ಕೆ ಸಂಗೀತ ಸೇರಿಸಿ, ಕತ್ತರಿಸಿ, ನೂರು ಜನ ತಮ್ಮ ತಮ್ಮ ಮೊಬೈಲಿನಲ್ಲಿ ಇಟ್ಟುಕೊಂಡಿದ್ದರು. “ನಾನು ಹೇಳಿದ್ದು ತಪ್ಪು” ಎಂದು ಹೊಸ ವಿಡಿಯೋ ಮಾಡಿದ. ಸ್ವರ ಏರಿಸಲಿಲ್ಲ, ಇಳಿಸಲಿಲ್ಲ. ಅದನ್ನು ನೋಡಿದವರು ಬೆರಳೆಣಿಕೆಯವರು, ಅವರಲ್ಲೂ ಒಬ್ಬ “ಹೆಗಡೇರಿಗೆ ಬೆದರಿಕೆ ಬಂದಿರಬೇಕು” ಎಂದು ಕೆಳಗೆ ಬರೆದಿದ್ದ. ಕಮಿಟಿಯ ಪರಮೇಶ್ವರನಿಗೆ ಫೋನು ಮಾಡಿದರೆ, “ನಾ ಒಬ್ಬ ಒಪ್ಪಿ ಎಂತ ಮಾಡ್ಲಿ, ಊರು ಒಪ್ಪಬೇಕಲ್ರ” ಎಂದು ಇಟ್ಟುಬಿಟ್ಟ.

ಪಾಡ್ಯದ ಬೆಳಿಗ್ಗೆ ಭಾವ ನನ್ನ ಮನೆಯ ಗೇಟಿನಲ್ಲಿ ನಿಂತಿದ್ದ. “ಸ್ಕೂಟಿ ತೆಗಿ. ಕಾಯಿ ಒಡೆಯೋದ್ರೊಳಗೆ ಅಲ್ಲಿಗೆ ಮುಟ್ಟವು” ಎಂದ. ಹಬ್ಬದ ದಿನ ಮನೆ ಬಿಟ್ಟು ಹೊರಟದ್ದಕ್ಕೆ ನನ್ನ ಗಂಡ ಮುಖ ಊದಿಸಿಕೊಂಡ, ಊದಿಸಿಕೊಳ್ಳಲಿ ಎಂದು ಹೊರಟೆ. ಮಂಚಿಕೇರಿಯವರೆಗೂ ಹಿಂದೆ ಕೂತ ಭಾವ ದಾರಿಬದಿಯ ಯಾವ ಕಲ್ಲನ್ನೂ ತೋರಿಸಲಿಲ್ಲ.

ಹಳ್ಳದ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ಮೇಲಿನ ಕೊಟ್ಟಿಗೆಗಳಲ್ಲಿ ಚೆಂಡುಹೂವು, ಅಡಿಕೆ ಮಾಲೆ ಕಟ್ಟಿಸಿಕೊಂಡ ದನಗಳು ಬಿಡುಗಡೆಗೆ ಕೂಗುತ್ತಿದ್ದವು. ಕಲ್ಲಿನ ಮುಂದೆ ಪರಮೇಶ್ವರ ಕಾಯಿ ಹಿಡಿದು ನಿಂತಾಗಿತ್ತು. ತಿಮ್ಮ ಗೌಡರ ಮನೆಯವರು ಯಾರೂ ಕಾಣಲಿಲ್ಲ. ದಿಬ್ಬದ ಮೇಲಿನ ಬಾಗಿಲು ಹಾಕಿತ್ತು.

“ಪರಮೇಶ್ವರ, ತಡಿ” ಎಂದ ಭಾವ. ಏದುಸಿರು ಬಿಡುತ್ತ ಎಲ್ಲ ಹೇಳಿದ. ಡೇರೆ ಸಿನಿಮಾ, ಅಜ್ಜ, ಮೊರ, ಟಿವಿ. ಒಂದನ್ನೂ ಮುಚ್ಚಿಡಲಿಲ್ಲ.

ಜನ ಮೊದಲು ಮಿಕಮಿಕ ನೋಡಿದರು. ಆಮೇಲೆ ಹಿಂದಿನಿಂದ ಯಾರೋ, “ಸಿನಿಮಾದವ್ರೇ ನಮ್ಮೂರ ಕತೆ ಕದ್ದಿರ್ಬೇಕು ಮಾರಾಯ!” ಎಂದ. ನಗು ಎದ್ದಿತು. ಕೆಲವರು ತಲೆಯನ್ನೂ ಆಡಿಸಿದರು, ಇದ್ದರೂ ಇರಬಹುದು ಎಂಬಂತೆ. ಭಾವನ ಮುಖ ಬೂದಿಯಾಯಿತು.

“ಅವತ್ತು ಹೌದು ಅಂದ್ರಿ, ಇವತ್ತು ಅಲ್ಲ ಅಂತೀರಿ” ಎಂದ ಪರಮೇಶ್ವರ. “ನಾವು ಯಾವ ಹೆಗಡೇರನ್ನ ನಂಬೂದು ಹೇಳಿ?”

ಆ ಹೊತ್ತಿಗೆ ದಿಬ್ಬದ ಬಾಗಿಲು ತೆರೆಯಿತು. ತಿಮ್ಮ ಗೌಡರು ಕೋಲೂರಿಕೊಂಡು ಇಳಿದು ಬಂದರು, ಹಿಂದೆ ನಾಗವೇಣಿ. ಜನ ದಾರಿ ಬಿಟ್ಟರು. ಗೌಡರು ಭಾವನ ಕಡೆ ನೋಡಲೂ ಇಲ್ಲ.

“ಕಾಯಿ ಯಾರು ಬೇಕಾದ್ರೂ ಒಡೀರಿ” ಎಂದರು. “ಆದ್ರೆ ಮನೆಗೆ ಹೆಸರು ಹಾಕಿದವ್ರು ತಪ್ಪುಕಾಣಿಕೆ ಹಾಕ್ಲಿ. ನನಗೆ ಅಷ್ಟು ಸಾಕು.”

ಅಲ್ಲಿಯ ಪದ್ಧತಿ ಅದು. ಒಬ್ಬರ ಮೇಲೆ ಇಲ್ಲದ್ದು ಹೊರಿಸಿದವರು ಬೀರಪ್ಪನ ಮುಂದೆ ವೀಳ್ಯ, ಕಾಯಿ ಇಟ್ಟು, ತಪ್ಪನ್ನು ಎಲ್ಲರೆದುರು ಹೇಳಿ ಆಣೆ ಹಾಕಬೇಕು. ಹಾಗೆ ಕಾಣಿಕೆ ಬಿದ್ದ ಮಾತನ್ನು ಊರಿನಲ್ಲಿ ಮತ್ತೆ ಯಾರೂ ಎತ್ತುವ ಹಾಗಿಲ್ಲ. ಆಣೆ ಮುರಿದರೆ ಮಾತ್ರ ಹಳೆಯ ಮಾತು ಹಾಗೇ ಎದ್ದು ಬರುತ್ತದೆ.

ಪರಮೇಶ್ವರ ಯೋಚಿಸಿ, “ಆಗ್ಲಿ” ಎಂದ. “ಆದ್ರೆ ದಿನಕ್ಕೊಂದು ಹೇಳೂ ಬಾಯಿ ಇದು. ಇನ್ನು ಮೇಲೆ ಯಾವ ಊರಿನ ಯಾವ ಕಲ್ಲಿನ ಕತೆನೂ ಹೇಳೂದಿಲ್ಲ ಅಂತ ಆಣೆ ಹಾಕ್ಲಿ. ಆಗ ಒಪ್ತೇವೆ.”

ಆ ಮನುಷ್ಯನಿಗೆ ಇದ್ದದ್ದೇ ಅದೊಂದು. “ಅದೆಂತ ನ್ಯಾಯ?” ಎಂದು ನಾನು ಬಾಯಿ ಹಾಕಿದೆ. “ಈ ಕಲ್ಲಿಂದು ಹೇಳಬೇಡ ಅನ್ನಿ, ಸರಿ. ಎಲ್ಲ ಕಲ್ಲಿನದೂ ಯಾಕೆ?” ಯಾರೂ ನನ್ನ ಮಾತಿಗೆ ಕಿವಿಗೊಡಲಿಲ್ಲ. ಎಲ್ಲರ ಕಣ್ಣು ಭಾವನ ಮೇಲೆ. ಅವ ಒಪ್ಪುವುದಿಲ್ಲವೆಂದೇ ಪರಮೇಶ್ವರ ಎಣಿಸಿದ್ದನೇನೋ, ಕೈಲಿದ್ದ ಕಾಯಿಯನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದ. ಮೇಲೆ ದನಗಳ ಕೂಗು ಏರುತ್ತಿತ್ತು. ನಾಗವೇಣಿ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು.

ಭಾವ ಚಪ್ಪಲಿ ಬಿಟ್ಟ. ಅಂಗಿ ಕಳಚಿ ನನ್ನ ಕೈಗೆ ಕೊಟ್ಟ. ಯಾರೋ ವೀಳ್ಯದೆಲೆ, ಕಾಯಿ ತಂದುಕೊಟ್ಟರು. ಕಲ್ಲಿನ ಮುಂದೆ ಮಂಡಿಯೂರಿ, ಅದರ ಮೇಲೆ ಅಂಗೈ ಇಟ್ಟು, “ನಾನು ಹೇಳಿದ್ದು ಸಿನಿಮಾದ ಕತೆ. ಈ ಮನೆಯವರು ಯಾರಿಗೂ ದೀಪ ತೋರಿಸಿದವರಲ್ಲ. ಇನ್ನು ಯಾವ ಕಲ್ಲಿನ ಕತೆಯನ್ನೂ ನಾನು ಹೇಳುವುದಿಲ್ಲ. ಬೀರಪ್ಪನ ಆಣೆ” ಎಂದ.

ಪರಮೇಶ್ವರ ಕೈಲಿದ್ದ ಕಾಯಿಯನ್ನು ತಿಮ್ಮ ಗೌಡರಿಗೆ ಕೊಟ್ಟ. ಗೌಡರ ಮೊದಲ ಹೊಡೆತಕ್ಕೆ ಕಾಯಿ ಒಡೆಯಲಿಲ್ಲ. ನಾಗವೇಣಿ ಅವರ ಕೈಯ ಮೇಲೆ ಕೈ ಇಟ್ಟಳು. ಕಾಯಿ ಒಡೆಯಿತು, ಮೇಲಿನ ಕೊಟ್ಟಿಗೆಗಳಿಂದ ದನಗಳು ಗುಡ್ಡದ ಕಡೆಗೆ ಓಡಿದವು.

ಭಾವನಿಗೆ ದೇವರಲ್ಲಿ ಅಂಥ ನಂಬಿಕೆ ಏನೂ ಇರಲಿಲ್ಲ. ಹಾಗಾಗಿ ನಾನು ಒಂದೆರಡು ತಿಂಗಳು ಕಳೆದ ಮೇಲೆ, “ನೀ ನಂಬದ ಆಣೆ ಎಂತಕ್ಕೆ ಕಟ್ಕಂಡು ಕೂತಿದ್ದೆ? ಎನ್ನ ಹತ್ರ ಆದ್ರೂ ಹೇಳಲಾಗದಾ?” ಎಂದು ಕೆಣಕಿದೆ.

“ಆ ಊರವಕ್ಕೆ ನಂಬಿಕೆ ಇದ್ದಲೆ” ಎಂದ. “ಆಣೆ ಮುರಿದ್ದು ಹೇಳಿ ಯಾರಿಗಾದ್ರೂ ಗೊತ್ತಾದ್ರೆ ಮತ್ತೆ ಆ ಮನೆ ಮೇಲೇ ಬತ್ತು. ಬ್ಯಾಡ.”

ಚಾನೆಲ್ ಮುಚ್ಚಿದ. ಟಿವಿಯಲ್ಲಿ ಮಹಾರಾಜರು ಒಣಮೆಣಸಿನಕಾಯಿ ಕುಟ್ಟಿಸಿದರೂ ಸುಮ್ಮನಿರುತ್ತಿದ್ದ. ಅಕ್ಕ ಬೇಕೆಂದೇ ಸ್ವರ ಜೋರು ಮಾಡಿ, “ನೋಡಿ, ಇದು ಸರಿ ಇದ್ದಾ?” ಎಂದು ಕೇಳುತ್ತಿದ್ದಳು. ಅವಳಿಗೂ ಆ ಬೈಗುಳ ಬೇಕಾಗಿತ್ತು. ಧಾರವಾಡದಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು. ಸಿದ್ದಾಪುರದ ಕಾಡಿನಲ್ಲಿ ಲೈನು ಎಳೆಸುವಾಗ ಭಾವ ಒಂದು ಶಾಸನ ಕಂಡಿದ್ದ, ಅದನ್ನು ಇನ್ನೂ ಯಾರೂ ಓದಿಲ್ಲವೆಂದು ಹಿಂದೆ ಎಲ್ಲರ ಹತ್ತಿರವೂ ಕೊಚ್ಚಿಕೊಳ್ಳುತ್ತಿದ್ದ. ಹುಡುಗಿಗೆ ಚಹ, ಅವಲಕ್ಕಿ ಕೊಟ್ಟ. ಮಳೆ, ರಸ್ತೆ, ಬಸ್ಸಿನ ಸಮಯ ಎಲ್ಲ ಮಾತಾಡಿ ಗೇಟಿನವರೆಗೆ ಬಿಟ್ಟು ಬಂದ.

ಕಳೆದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಾಗ ನಾನೇ ಆ ಸಿದ್ದಾಪುರದ ಕಲ್ಲಿನ ಮಾತು ತೆಗೆದೆ. ಜಾಗ ಹೇಳಿದರೆ ಕತೆ ಹೇಳಿದ ಹಾಗೆ ಆಗುವುದಿಲ್ಲ ಎಂದು ವಕೀಲರ ಹಾಗೆ ವಾದಿಸಿದೆ. ಅವ ಕೇಳಿಸಿಕೊಂಡು, “ಕಲ್ಲು ಅಲ್ಲೇ ಇರ್ತು ಕೂಸೆ. ಬೇಕಾದಂವ ಹುಡುಕ್ತ” ಎಂದು ಮಗ್ಗುಲಾದ. ನನ್ನ ಹತ್ತಿರ ಆಡಿದ ಕಡೆಯ ಮಾತು ಅದೇ. ಮರುದಿನ ಬೆಳಿಗ್ಗೆ ಸಾರಿಗೆ ಉಪ್ಪು ಸಾಲದೆಂದು ಅಕ್ಕನ ಹತ್ತಿರ ಜಗಳ ಆಡಿದನಂತೆ, ಸಂಜೆ ಹೋದ.

ಆ ವರ್ಷದ ಪಾಡ್ಯಕ್ಕೆ ನಾನೊಬ್ಬಳೇ ಸ್ಕೂಟಿ ತೆಗೆದುಕೊಂಡು ಹೋದೆ. ಯಾಕೆ ಹೋದೆನೋ, ಮನೆಯಲ್ಲಿ ಕೂರಲಾಗಲಿಲ್ಲ. ತಿಮ್ಮ ಗೌಡರ ಕಾಯಿ ಒಡೆದು, ದನ ಬಿಟ್ಟಾಗಿತ್ತು. ಹುಬ್ಬಳ್ಳಿಯ ಕಡೆಯ ಒಂದು ಸಂಸಾರ ಕಲ್ಲಿನ ಮುಂದೆ ನಿಂತಿತ್ತು. “ಇದರ ಕತಿ ಏನ್ರಿ? ದೀಪಾ ತೋರ್ಸಿದ್ದು ಆ ಮನಿಯವ್ರ ಹೌದಲ್ರಿ?” ಎಂದು ಆ ಗಂಡಸು ಕೇಳುತ್ತಿದ್ದ. ಅವನ ಮೊಬೈಲಿನಲ್ಲಿ ಆ ಹಳೆಯ ವಿಡಿಯೋ ಇತ್ತು.

“ಆ ಮಾತು ಆಡಬ್ಯಾಡಿ” ಎಂದವಳು ನಾಗವೇಣಿ. ಪ್ರಸಾದದ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. “ಆ ಮಾತು ಆಡಿದ ಹೆಗಡೇರಿಗೆ ಎಂತ ಆಯ್ತು ಗೊತ್ತುಂಟ? ಇದೇ ಕಲ್ಲು ಮುಟ್ಟಿ ಆಣೆ ಹಾಕಿದ್ರು. ಅಲ್ಲೇ ಮಾತು ನಿಂತು ಹೋಯ್ತು. ಸಾಯುವವರೆಗೂ ಒಂದು ಶಬ್ದ ಹೊರಡ್ಲಿಲ್ಲ ಅವರ ಬಾಯಿಂದ.”

ಆ ಸಂಸಾರ ಗಾಬರಿಯಾಗಿ ಕೈಮುಗಿಯಿತು. ಗಂಡಸು ಮೊಬೈಲು ಜೇಬಿಗೆ ಹಾಕಿ, ಮಕ್ಕಳಿಂದಲೂ ಕಲ್ಲಿಗೆ ನಮಸ್ಕಾರ ಮಾಡಿಸಿದ.

ನನಗೆ ಮೈಯೆಲ್ಲ ಉರಿಯಿತು. ಸುಳ್ಳು! ಸಾರಿನ ಉಪ್ಪಿಗೆ ಜಗಳ ಆಡಿ ಹೋದ ಮನುಷ್ಯ ಅವ. ಬಾಯಿ ತೆರೆದೇಬಿಟ್ಟಿದ್ದೆ. ಆಗ ನಾಗವೇಣಿ ನನ್ನನ್ನು ಕಂಡಳು. ತಟ್ಟೆ ಹಿಡಿದು ಹತ್ತಿರ ಬಂದು, ನನ್ನ ಕೈಗೆ ಕಾ‌ಯಿಯ ಹೋಳು ಇಟ್ಟು, ಕೈಯನ್ನು ಬಿಡದೆ ಹಿಡಿದುಕೊಂಡಳು.

“ಅಕ್ಕೋರೆ, ಇದೊಂದು ಹೀಗೇ ಇರ್ಲಿ” ಎಂದಳು ಮೆಲ್ಲಗೆ. “ನನ್ನ ಮಗಳು ಈಗ ಶಾಲೆಗೆ ಹೋಗ್ತಾಳೆ.”

ಭಾವ ಇದ್ದಿದ್ದರೆ ಹೇಳು ಅನ್ನುತ್ತಿದ್ದನೋ, ಬೇಡ ಅನ್ನುತ್ತಿದ್ದನೋ, ಕೇಳೋಣವೆಂದು ನಾನು ಪಕ್ಕಕ್ಕೆ ತಿರುಗಿಯೂಬಿಟ್ಟೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡೆ.